ದುರಸ್ತಿಯ ಅರಿವು ವರ್ಕ್ ಆರ್ಡರ್‌ನೊಳಗೆ ಬಂದ ಬಗೆ

ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಿರ್ವಹಣೆಗೆ ಸಂಬಂಧಿಸಿದ ಇಆರ್‌ಪಿ ವ್ಯವಸ್ಥೆಯನ್ನು (ಸಂಸ್ಥೆಯ ಕೆಲಸಗಳ ದಾಖಲೆ ಇಡುವ ತಂತ್ರಾಂಶವನ್ನು) ನೋಡಿಕೊಳ್ಳುವ ಕೆಲಸ ನನ್ನದು. ಹಿರಿಯ ಫಿಟ್ಟರ್ ಒಬ್ಬರು ನಿವೃತ್ತರಾದ ಕೆಲವೇ ವಾರಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಒಂದರ ಹೈಡ್ರಾಲಿಕ್ ಒತ್ತಡ ಕುಸಿಯಿತು. ಹೊಸಬರು ವಾಲ್ವ್ ಬದಲಿಸಿದರು, ಬಳಿಕ ಪಂಪನ್ನೇ ಬಿಚ್ಚಿದರು. ಟ್ಯಾಂಕಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಬಿಡಿಭಾಗವನ್ನು ಹಿಡಿದಿಡುವ ಚಕ್‌ನ ಸಿಲಿಂಡರಿನ ಸೀಲ್ ಸವೆದು ಕೂಲೆಂಟ್ (ಲೋಹ ಕತ್ತರಿಸುವಾಗ ತಂಪುಗೊಳಿಸುವ ದ್ರವ) ಒಳಸೇರುತ್ತಿರಬಹುದು, ಮೊದಲು ಸಕ್ಷನ್ ಸ್ಟ್ರೈನರ್ (ಪಂಪು ಎಣ್ಣೆ ಎಳೆದುಕೊಳ್ಳುವ ಕಡೆಯ ಜರಡಿ) ನೋಡಬೇಕು ಎಂಬುದು ಆ ಹಿರಿಯರಿಗೆ ಗೊತ್ತಿತ್ತು. ನಮ್ಮ ದಾಖಲೆಯಲ್ಲಿ ಪ್ರತಿ ಬಾರಿಯೂ ಇದ್ದದ್ದು ‘ಒತ್ತಡ ಕಡಿಮೆ, ಸರಿಪಡಿಸಲಾಗಿದೆ’ ಎಂಬ ಒಂದು ಸಾಲು ಮಾತ್ರ.

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001:2015ರ 7.1.6ನೇ ಕಲಮು ಸಂಸ್ಥೆಯ ಜ್ಞಾನವನ್ನು ಗುರುತಿಸಿ ಕಾಪಾಡಬೇಕೆನ್ನುತ್ತದೆ. ಅದಕ್ಕಾಗಿ ನಾನು ಹಿಂದೆಯೇ ಸರ್ವರ್‌ನಲ್ಲಿ ಪ್ರತ್ಯೇಕ ಸಂಗ್ರಹವೊಂದನ್ನು ಮಾಡಿಟ್ಟಿದ್ದೆ. ಆದರೆ ಯಂತ್ರ ನಿಂತು ಉತ್ಪಾದನಾ ವಿಭಾಗದವರು ಬೆನ್ನಹಿಂದೆ ಕಾಯುತ್ತಿರುವಾಗ ಯಾವ ಫಿಟ್ಟರೂ ಬೇರೊಂದು ಕಡೆಗೆ ಹೋಗಿ ಹುಡುಕುವುದಿಲ್ಲವೆಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಆದ್ದರಿಂದ ಸಂಗ್ರಹವನ್ನು ಕೈಬಿಟ್ಟು, ಬ್ರೇಕ್‌ಡೌನ್ ದೂರು ದಾಖಲಾದೊಡನೆ ಅದೇ ಯಂತ್ರದ, ಅದೇ ಲಕ್ಷಣದ ಹಿಂದಿನ ಟಿಪ್ಪಣಿಗಳು ವರ್ಕ್ ಆರ್ಡರ್‌ನ (ಆ ದುರಸ್ತಿ ಕೆಲಸದ ಆದೇಶ ಮತ್ತು ದಾಖಲೆಯ) ಪರದೆಯಲ್ಲೇ ಕಾಣುವಂತೆ ಮಾಡಿದೆವು. ಆರ್ಡರ್ ಮುಚ್ಚುವಾಗ ಕಾರಣವನ್ನು ಬರೆಯುವುದು ಕಡ್ಡಾಯವೆಂದು ಮಾಡಿದ್ದು ಫಲಿಸಲಿಲ್ಲ. ಎಲ್ಲರೂ ‘ಓಕೆ’ ಎಂದು ತುಂಬಿ ಮುಂದೆ ಹೋದರು. ಎರಡು ಗಂಟೆ ಮೀರಿದ ನಿಲುಗಡೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿ, ‘ಏನು ಕಂಡಿತು, ಮೊದಲು ಏನು ನೋಡಿದಿರಿ, ಕೊನೆಗೆ ಏನು ಸಿಕ್ಕಿತು’ ಎಂಬ ಮೂರು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸಲು ಅವಕಾಶ ಕೊಟ್ಟ ಮೇಲೆ ಬರಹದಲ್ಲಿ ಜೀವ ಬಂದಿತು. ಎರಡನೆಯ ಪ್ರಶ್ನೆಯೇ ನನಗೆ ಅತ್ಯಂತ ಮುಖ್ಯ, ಏಕೆಂದರೆ ಅನುಭವಸ್ಥರ ಜಾಣ್ಮೆ ಇರುವುದು ಅವರು ನೋಡುವ ಕ್ರಮದಲ್ಲಿ.

ಜೆರಾಕ್ಸ್ ಕಂಪನಿಯು 1990ರ ದಶಕದಲ್ಲಿ ತನ್ನ ದುರಸ್ತಿಗಾರರಿಗಾಗಿ ರೂಪಿಸಿದ ಯುರೇಕಾ ವ್ಯವಸ್ಥೆಯಲ್ಲಿ ಪ್ರತಿ ಸಲಹೆಯನ್ನೂ ಸಹೋದ್ಯೋಗಿಗಳೇ ಪರಿಶೀಲಿಸುತ್ತಿದ್ದರು, ಬರೆದವರ ಹೆಸರೂ ಜೊತೆಗಿರುತ್ತಿತ್ತು. ಅದನ್ನೇ ಅನುಸರಿಸಿ, ಪರಿಶೀಲನೆಯನ್ನು ಶಿಫ್ಟ್‌ನ ಹಿರಿಯ ಫಿಟ್ಟರ್‌ಗಳಿಗೇ ಬಿಟ್ಟೆವು. ಒಂದೇ ಕಾರಣ ಮೂರು ಬಾರಿ ಮರುಕಳಿಸಿದರೆ ಮುನ್ನೆಚ್ಚರಿಕೆ ನಿರ್ವಹಣೆಯ ಪಟ್ಟಿಯನ್ನೇ ತಿದ್ದಬೇಕೆಂಬ ನಿಯಮವನ್ನೂ ಸೇರಿಸಿದೆವು.

ನಿವೃತ್ತರಾದ ಹಿರಿಯರನ್ನು ಕರೆಸಿಕೊಂಡು, ಅವರು ಮುಚ್ಚಿದ್ದ ಹಳೆಯ ಆರ್ಡರ್‌ಗಳನ್ನು ಒಂದೊಂದಾಗಿ ಮುಂದಿಟ್ಟು, ಅಂದು ಮೊದಲು ಕೈಯಿಟ್ಟದ್ದು ಎಲ್ಲಿಗೆ ಎಂದು ಕೇಳುತ್ತಾ ಬರೆದುಕೊಂಡೆವು. ಇಂದು ಆ ಲೇತ್‌ನ ದೂರು ತೆರೆದರೆ ಬೆಳ್ಳಗಾದ ಎಣ್ಣೆಯ ಟಿಪ್ಪಣಿ ಅವರ ಹೆಸರಿನೊಂದಿಗೆ ಮೊದಲಿಗೇ ಕಾಣುತ್ತದೆ.