ಪರದೇಶದಲ್ಲಿ ಬೈಕ್ ಓಡಿಸುವ ಆಸೆಯೇ? ಎಡಗೈಗೆ ಊರಲ್ಲೇ ಪಾಠವಾಗಲಿ

ನನ್ನ ಅಕ್ಕನ ಮಗ ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಥಾಯ್ಲೆಂಡ್ ಸುತ್ತಲು ಹೋದ. ಬಳ್ಳಾರಿಯಲ್ಲಿ ಎಂಟು ವರ್ಷ ಸ್ಕೂಟರ್ ಓಡಿಸಿದ ಹುಡುಗ. ರಾಯಲ್ ಸರ್ಕಲ್‌ನ ಸಂಜೆಯ ಗದ್ದಲದಲ್ಲೂ ಕಾಲು ನೆಲಕ್ಕೆ ತಾಗಿಸದೆ ದಾಟುವವನು. ಚಿಯಾಂಗ್ ಮೈನಲ್ಲಿ ಗೇರ್ ಬೈಕ್ ಬಾಡಿಗೆಗೆ ಹಿಡಿದ. ಅಂಗಡಿಯವರು ಹತ್ತು ನಿಮಿಷ ಹೇಳಿಕೊಟ್ಟರು. ಮೂರನೇ ದಿನ ಒಂದು ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು. ಎಂಟು ವರ್ಷದ ರೂಢಿ, ಎಡಗೈ ಲಿವರ್ ಗಟ್ಟಿಯಾಗಿ ಹಿಡಿದ. ಸ್ಕೂಟರಿನಲ್ಲಿ ಅದು ಹಿಂದಿನ ಬ್ರೇಕ್, ಬೈಕಿನಲ್ಲಿ ಕ್ಲಚ್. ಬಂಡಿ ನಿಲ್ಲುವ ಬದಲು ಎಂಜಿನ್ ಹಿಡಿತದಿಂದಲೂ ಬಿಡಿಸಿಕೊಂಡು ಇನ್ನೂ ಜೋರಾಗಿ ಇಳಿಯಿತು. ಕುತ್ತಿಗೆ ಬುಡದ ಎಲುಬು ಮುರಿಯಿತು. ಆಸ್ಪತ್ರೆಯ ಬಿಲ್ಲಿಗೆ ವಿಮೆಯ ಹಣವೂ ಬರಲಿಲ್ಲ, ಯಾಕೆಂದರೆ ಅವನ ಲೈಸೆನ್ಸ್ ಗೇರ್ ಇಲ್ಲದ ಗಾಡಿಗೆ ಮಾತ್ರ ಇತ್ತು.

ಆಮೇಲೆ ನೆಂಟರಿಷ್ಟರಲ್ಲಿ ಯಾರೇ ಬ್ಯಾಗ್ ಕಟ್ಟಿದರೂ ಒಂದು ವಾರ ನನ್ನ ಕೈಗೆ ಕೊಡಿ ಅನ್ನುತ್ತೇನೆ. ‘ಅಲ್ಲೇ ಹೋಗಿ ಕಲಿತರಾಯ್ತು’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗೊತ್ತಿಲ್ಲದ ರಸ್ತೆ, ಗೊತ್ತಿಲ್ಲದ ಭಾಷೆ, ಬೆನ್ನ ಮೇಲೆ ಹತ್ತು ಕಿಲೋ. ಅದರ ಜೊತೆಗೆ ಗೊತ್ತಿಲ್ಲದ ಕ್ಲಚ್ ಕೂಡ ಬೇಡ. ಕೈಕಾಲಿನ ಪಾಠ ಊರಲ್ಲೇ ಮುಗಿದಿರಬೇಕು. ಅಲ್ಲಿ ಕಲಿಯಲು ಉಳಿಯಬೇಕಾದ್ದು ರಸ್ತೆ ಒಂದೇ.

ಕಾಗದ ಮೊದಲು

ನಿಮ್ಮ ಡಿಎಲ್ ತೆಗೆದು ನೋಡಿ. ಎಂಸಿಡಬ್ಲ್ಯುಜಿ ಎಂದಿದ್ದರೆ ಗೇರ್ ಬೈಕಿಗೆ ಸೈ. ಎಂಸಿಡಬ್ಲ್ಯುಒಜಿ, ಅಂದರೆ ಗೇರ್ ಇಲ್ಲದ ಗಾಡಿ, ಎಂದಿದ್ದರೆ ಹೊಸದಾಗಿ ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಮಾಡಿಸಿ, 30 ದಿನ ಕಳೆದ ಮೇಲೆ ಪರೀಕ್ಷೆ ಕೊಡಬೇಕು. ಹಾಗಾಗಿ ಹೊರಡುವ ಮೂರು ತಿಂಗಳ ಮೊದಲೇ ಶುರು ಮಾಡಿ. ಆಮೇಲೆ ಪಾಸ್‌ಪೋರ್ಟ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಆರ್‌ಟಿಓದಲ್ಲಿ ಅರ್ಜಿ ಹಾಕಿ: ನಮೂನೆ 4ಎ, ಶುಲ್ಕ 1000 ರೂಪಾಯಿ, ಹೆಚ್ಚೆಂದರೆ ಒಂದು ವರ್ಷದ ಬಾಳಿಕೆ. ಪುಸ್ತಕ ಕೈಗೆ ಬಂದಾಗ ಮೋಟರ್ ಸೈಕಲ್ ವರ್ಗದ ಎದುರು ಮುದ್ರೆ ಬಿದ್ದಿದೆಯೇ ಎಂದು ಕೌಂಟರಿನಲ್ಲೇ ನಿಂತು ನೋಡಿ. ಕಾರಿನ ವರ್ಗಕ್ಕೆ ಮಾತ್ರ ಮುದ್ರೆ ಇದ್ದರೆ ಬೈಕಿನ ಮಟ್ಟಿಗೆ ಅದು ಬರಿ ಕಾಗದ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಕೊಡುವ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ಥಾಯ್ಲೆಂಡಿನಲ್ಲಿ ಅದು ನಡೆಯುತ್ತದೆ. ವಿಯೆಟ್ನಾಂ ನಡೆಯುವುದು 1968ರ ವಿಯೆನ್ನಾ ಒಪ್ಪಂದದ ಮೇಲೆ, ಅಲ್ಲಿ ನಮ್ಮ ಪುಸ್ತಕಕ್ಕೆ ಬೆಲೆಯಿಲ್ಲ. ಬಾಡಿಗೆ ಅಂಗಡಿಯವರು ಏನೂ ಕೇಳದೆ ಬೈಕ್ ಕೊಡುತ್ತಾರೆ, ಅದು ಬೇರೆ ಮಾತು. ಕೇಳುವವರು ಪೊಲೀಸರು ಮತ್ತು ವಿಮೆಯವರು. ಅದಕ್ಕೇ ವಿಯೆಟ್ನಾಂ ಉತ್ತರದ ಹಾ ಜಾಂಗ್ ಬೆಟ್ಟಗಳ ಸುತ್ತು ನೋಡುವ ಆಸೆಯಿದ್ದರೆ ಅಲ್ಲಿಯ ಚಾಲಕರ ಹಿಂದೆ ಕೂತು ನೋಡಿ ಎಂದೇ ಹೇಳುತ್ತೇನೆ. ಮಾ ಪಿ ಲೆಂಗ್ ಕಣಿವೆ ಹಿಂದಿನ ಸೀಟಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಬಂಡಿ, ಜಾಗ, ಹೊತ್ತು

ನೂರು ಸಿಸಿಯ ಹಳೆಯ ಬಂಡಿ ಸಾಕು. ಮೊದಲ ದಿನವೇ 350 ಸಿಸಿ ಬುಲೆಟ್ ಹತ್ತಬೇಡಿ. ಅದರ ತೂಕ ಹಿಡಿಯುವುದರಲ್ಲೇ ಕೈ ಸೋತು ಕ್ಲಚ್ ಕಡೆ ಗಮನ ಹೋಗುವುದಿಲ್ಲ. ಜಾಗಕ್ಕೆ ಊರಾಚೆ ಸೈಟುಗಳ ಕಲ್ಲು ನೆಟ್ಟು, ರಸ್ತೆ ಹಾಕಿ, ಮನೆ ಏಳದೆ ಬಿದ್ದಿರುವ ಲೇಔಟುಗಳಿವೆ. ಬೆಳಗಿನ ಆರಕ್ಕೆ ಹೋಗಿ ಎಂಟೂವರೆಗೆ ಮುಗಿಸಿ. ನಮ್ಮ ಬಿಸಿಲಲ್ಲಿ ಒಂಬತ್ತರ ಮೇಲೆ ಹೆಲ್ಮೆಟ್ಟಿನೊಳಗೆ ತಲೆ ಓಡುವುದಿಲ್ಲ. ಮಳೆ ಬಿದ್ದ ಮರುದಿನ ಎರೆಭೂಮಿಯ ಕಡೆ ಸುಳಿಯಬೇಡಿ, ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕೂರುತ್ತದೆ.

ಹೆಲ್ಮೆಟ್ ಐಎಸ್ಐ ಗುರುತಿನದೇ ಆಗಲಿ. ಗುರುತಿಲ್ಲದ್ದನ್ನು ಮಾರುವುದೇ 2021ರ ಜೂನ್‌ನಿಂದ ನಿಷಿದ್ಧ, ಆದರೂ ರಸ್ತೆ ಬದಿಯಲ್ಲಿ ಟೊಪ್ಪಿಗೆಯಂಥ ಹೆಲ್ಮೆಟ್ ಇನ್ನೂ ನೇತಾಡುತ್ತಿರುತ್ತವೆ. ಒಳಗಿನ ಥರ್ಮಾಕೋಲಿನಂಥ ಪದರ ಬೆರಳಿಗೆ ಸಿಗದಿದ್ದರೆ ಕೊಳ್ಳಬೇಡಿ. ಒಳ್ಳೆಯದನ್ನೇ ಕೊಂಡು ವಿಮಾನಕ್ಕೂ ಒಯ್ಯಿರಿ. ಬ್ಯಾಗಿನಲ್ಲಿ ಜಾಗ ತಿನ್ನುತ್ತದೆ, ನಿಜ. ಒಂದು ಜೊತೆ ಬೂಟು ಬಿಟ್ಟು ಹೋಗಿ.

ಕ್ಲಚ್

ಇಲ್ಲಿ ನಿಧಾನ ಮಾಡೋಣ. ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ.

ಕ್ಲಚ್ ಏನು ಮಾಡುತ್ತದೆ ಎಂದು ತಿಳಿಯಲು ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಮೋಟರು ತಿರುಗುತ್ತಿದೆ, ಕಲ್ಲು ನಿಂತಿದೆ. ಬೆಲ್ಟ್ ಸಡಿಲವಿದ್ದರೆ ಸುಮ್ಮನೆ ಜಾರುತ್ತದೆ. ಮೆಲ್ಲಗೆ ಬಿಗಿಯಾದರೆ ಜಾರುತ್ತ ಜಾರುತ್ತಲೇ ಕಲ್ಲನ್ನು ಎಳೆದುಕೊಳ್ಳುತ್ತದೆ. ಒಮ್ಮೆಲೇ ಬಿಗಿದರೆ ಮೋಟರೇ ಕಕ್ಕಾಬಿಕ್ಕಿ. ಬೈಕಿನಲ್ಲೂ ಹೀಗೇ. ಎಂಜಿನ್ ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಎರಡರ ನಡುವಿನ ಕ್ಲಚ್ ಪ್ಲೇಟುಗಳು ಸ್ವಲ್ಪ ಹೊತ್ತು ಒಂದರ ಮೇಲೊಂದು ಜಾರಬೇಕು. ಆ ಜಾರುವ ಹೊತ್ತನ್ನು ನಿಮ್ಮ ಎಡಗೈ ಬೆರಳುಗಳು ಕೊಡಬೇಕು. ಕೊಡದಿದ್ದರೆ ಬಂಡಿ ಜಿಗಿಯುತ್ತದೆ ಅಥವಾ ಆಫ್ ಆಗುತ್ತದೆ.

ಮೊದಲ ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುನ್ನ ಲಿವರ್ ತುದಿಯನ್ನು ಹಿಡಿದು ಆಡಿಸಿ. 10ರಿಂದ 20 ಮಿಲಿಮೀಟರ್ ಸಡಿಲವಿರಬೇಕು. ಇಲ್ಲದಿದ್ದರೆ ಕೇಬಲ್ ಸರಿಮಾಡಿಸಿ. ತಪ್ಪು ಕೇಬಲಿನ ಬಂಡಿಯಲ್ಲಿ ಕಲಿತ ಕೈ ತಪ್ಪನ್ನೇ ಕಲಿಯುತ್ತದೆ. ನಾಲ್ಕೂ ಬೆರಳಿನಿಂದ ಲಿವರ್ ಹಿಡಿಯಿರಿ. ಎರಡು ಬೆರಳಿನ ಸೊಗಸು ಆಮೇಲೆ ಬರಲಿ. ಬಲಗೈ ಮಣಿಕಟ್ಟು ಹಿಡಿಗಿಂತ ಸ್ವಲ್ಪ ಕೆಳಗಿರಲಿ. ಮಣಿಕಟ್ಟು ಮೇಲೆತ್ತಿ ಹಿಡಿದವರು ಬಂಡಿ ಜಗ್ಗಿದ ಕೂಡಲೇ ಹಿಂದಕ್ಕೆ ವಾಲುತ್ತಾರೆ, ಕೈ ತಾನಾಗಿ ತಿರುಗಿ ಇನ್ನಷ್ಟು ರೇಸ್ ಕೊಡುತ್ತದೆ. ಗೋಡೆಗೆ ಹೋಗಿ ಗುದ್ದುವುದು ಹೀಗೆಯೇ.

ಈಗ ಎಂಜಿನ್ ಶುರು ಮಾಡಿ, ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿ. ಎರಡೂ ಪಾದ ನೆಲದ ಮೇಲೆ. ರೇಸ್ ಮುಟ್ಟುವಂತಿಲ್ಲ. ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತ ಬನ್ನಿ. ಒಂದು ಕಡೆ ಎಂಜಿನ್ನಿನ ಸದ್ದು ದಪ್ಪವಾಗುತ್ತದೆ, ಕೊಂಚ ತಗ್ಗುತ್ತದೆ, ಬಂಡಿ ಮುಂದಕ್ಕೆ ಮೆಲ್ಲಗೆ ನೂಕುತ್ತದೆ. ಅಲ್ಲೇ ನಿಲ್ಲಿಸಿ. ಮತ್ತೆ ಒಳಕ್ಕೆ ಹಿಡಿಯಿರಿ. ಕ್ಲಚ್ ಕಚ್ಚುವ ಜಾಗ ಅದು. ಇದನ್ನೇ ಐವತ್ತು ಸಲ ಮಾಡಿ. ಮೊದಲ ದಿನದ ಪಾಠ ಇಷ್ಟೇ.

ಹೋದ ಚಳಿಗಾಲ ಒಬ್ಬ ಹುಡುಗಿಗೆ ಕಲಿಸುತ್ತಿದ್ದೆ. ಇಪ್ಪತ್ತು ಸಲ ಆಫ್ ಮಾಡಿದಳು. ಕಣ್ಣು ಪೂರ್ತಿ ಲಿವರ್ ಮೇಲೆ, ಬೆರಳ ಗಿಣ್ಣು ಬೆಳ್ಳಗಾಗಿದ್ದವು. ಮುಂದಿನ ಬ್ರೇಕನ್ನು ನಾನೇ ಹಿಡಿದುಕೊಂಡು, ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳು ಎಂದೆ. ಮೂರನೇ ಸಲಕ್ಕೆ ಸದ್ದು ತಗ್ಗಿದಲ್ಲೇ ಬೆರಳು ನಿಂತವು. ಲಿವರಿಗೂ ಹಿಡಿಗೂ ನಡುವೆ ಅವಳ ಹೆಬ್ಬೆರಳು ಹಿಡಿಸುವಷ್ಟು ಸಂದು. ಆಮೇಲೆ ಅವಳು ಒಮ್ಮೆಯೂ ಲಿವರ್ ನೋಡಲಿಲ್ಲ. ಈ ಸಂದು ಬಂಡಿಯಿಂದ ಬಂಡಿಗೆ ಬೇರೆ, ಸದ್ದು ಮಾತ್ರ ಎಲ್ಲ ಕಡೆಯೂ ಒಂದೇ. ಪರದೇಶದ ಬಾಡಿಗೆ ಅಂಗಡಿಯ ಮುಂದೆ ಎರಡು ನಿಮಿಷ ನಿಂತು ಹುಡುಕಬೇಕಾದ್ದು ಇದನ್ನೇ.

ಎರಡನೇ ಬೆಳಿಗ್ಗೆ ಚೂರು ರೇಸ್ ಸೇರಿಸಿ. ಕಚ್ಚುವ ಜಾಗಕ್ಕೆ ಬಂದು ಮನಸ್ಸಲ್ಲೇ ಮೂರು ಎಣಿಸಿ. ಬಂಡಿ ಹೊರಟಿತು ಎಂಬ ಖುಷಿಯಲ್ಲಿ ಉಳಿದದ್ದನ್ನು ಪಟ್ಟನೆ ಬಿಟ್ಟುಬಿಡುತ್ತಾರೆ, ಜಿಗಿತ ಬರುವುದೇ ಆಗ. ಕೊನೆಯ ಭಾಗವನ್ನೂ ಅಷ್ಟೇ ಮೆಲ್ಲಗೆ ಬಿಡಿ. ‘ಜೋರಾಗಿ ರೇಸ್ ಕೊಟ್ಟು ಹಾಫ್ ಕ್ಲಚ್ಚಲ್ಲೇ ಎಳಿ, ಆಫ್ ಆಗಲ್ಲ’ ಎಂದು ಹೇಳಿಕೊಡುವವರು ಓಣಿಗೊಬ್ಬರು ಸಿಗುತ್ತಾರೆ. ಆಫ್ ಆಗುವುದಿಲ್ಲ, ಆದರೆ ವಾರದಲ್ಲಿ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಬೆಟ್ಟದ ರಸ್ತೆಯಲ್ಲಿ ಹಾಗೆ ಮಾಡಿದರೆ ಏರುವಾಗ ಎಂಜಿನ್ ಕೂಗುತ್ತದೆ, ಬಂಡಿ ಏರುವುದಿಲ್ಲ.

ಮೂರನೇ ದಿನ ನಾನು ಬಂಡಿಯ ಪಕ್ಕ ನಡೆಯುತ್ತೇನೆ. ಐವತ್ತು ಅಡಿ ನನ್ನ ಜೊತೆಗೇ ಬರಬೇಕು, ನನ್ನನ್ನು ದಾಟಬಾರದು, ಕಾಲು ಕೆಳಗಿಡಬಾರದು. ಕ್ಲಚ್ ಕಚ್ಚುವ ಜಾಗದ ಸುತ್ತಲೇ ಬೆರಳು ಆಡುತ್ತಿರಬೇಕು, ಬಲಗಾಲು ಹಿಂದಿನ ಬ್ರೇಕನ್ನು ಲಘುವಾಗಿ ಒತ್ತಿರಬೇಕು. ಇದು ಬಂದವರಿಗೆ ಸಂತೆಯ ನಡುವೆಯೂ ಬಂಡಿ ಬರುತ್ತದೆ. ನಾಲ್ಕನೇ ದಿನ ಕಾಲುವೆ ಏರಿ ಹತ್ತುವ ಇಳಿಜಾರಿನಲ್ಲಿ ನಿಂತು ಹೊರಡುವುದು: ಬಲಗಾಲು ಬ್ರೇಕ್ ಮೇಲೆ, ಕ್ಲಚ್ ಕಚ್ಚುವ ಜಾಗಕ್ಕೆ, ಬಂಡಿಯ ಹಿಂಭಾಗ ಕೊಂಚ ಕುಸಿದಂತಾಗುತ್ತದೆ, ಆಗ ಕಾಲು ಬಿಡಿ.

ಗೇರ್ ಏರಿಸುವುದು, ಇಳಿಸುವುದು ಅರ್ಧ ಗಂಟೆಯ ಕೆಲಸ.

‘ಎಮ್ಮೆ!’

ಸ್ಕೂಟರಿನಿಂದ ಬಂದವರು ಈ ಕಸರತ್ತನ್ನು ತಪ್ಪಿಸುವಂತಿಲ್ಲ. ಮೂವತ್ತರ ವೇಗದಲ್ಲಿ ಬರುತ್ತಿರುವಾಗ ನಾನು ‘ಎಮ್ಮೆ!’ ಎಂದು ಕೂಗುತ್ತೇನೆ. ರೇಸ್ ಮುಚ್ಚಬೇಕು, ಬಲಗೈ ಮುಂದಿನ ಬ್ರೇಕನ್ನು ಹಿಂಡಬೇಕು, ಬಲಗಾಲು ಹಿಂದಿನದನ್ನು ಒತ್ತಬೇಕು. ಎಡಗೈ ಕ್ಲಚ್ಚಿಗೆ ಬರುವುದು ಬಂಡಿ ನಿಲ್ಲುವ ಹಂತದಲ್ಲಿ. ಎಡಗೈ ಮೊದಲು ಮುಚ್ಚಿದರೆ ಮತ್ತೆ ಮೊದಲಿಂದ. ದಿನಕ್ಕೆ ಇಪ್ಪತ್ತು ಸಲದಂತೆ ನಾಲ್ಕು ದಿನ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಆಳವಾಗಿದೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಾಗಾಗಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಅಲ್ಲೇ ಇರುವುದು. ನಿಂಬೆಹಣ್ಣು ಹಿಂಡಿದಂತೆ ಹಿಂಡಬೇಕು, ಕಿತ್ತುಕೊಂಡಂತಲ್ಲ. ಹಿಡಿಯಬಾರದ ಜಾಗಗಳೂ ಇವೆ: ತಿರುವಿನ ನಡುವೆ, ಮರಳ ಮೇಲೆ, ಮತ್ತೆ ಸಿರುಗುಪ್ಪ, ಗಂಗಾವತಿ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಒಣಹಾಕಿದ ಭತ್ತದ ಮೇಲೆ. ಕಾಳು ಚಕ್ರದಡಿ ಗೋಲಿಯಂತೆ ಉರುಳುತ್ತದೆ. ಅಂಥ ಕಡೆ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೆಟ್ಟಗಿಟ್ಟು ದಾಟಿ.

ತಿರುವುಗಳಿಗೆ ಒಂದು ಭಾನುವಾರ ಬೆಳಿಗ್ಗೆ ಸಂಡೂರಿನ ಗುಡ್ಡದ ರಸ್ತೆಗೆ ಹೋಗಿ. ಕಣ್ಣು ಹೋದಲ್ಲಿ ಬಂಡಿ ಹೋಗುತ್ತದೆ. ತಗ್ಗನ್ನು ನೋಡಿದರೆ ತಗ್ಗಿಗೇ. ಚಿಯಾಂಗ್ ಮೈನಿಂದ ಪಾಯ್‌ಗೆ ಹೋಗುವ 1095ನೇ ಹೆದ್ದಾರಿಯಲ್ಲಿ 762 ತಿರುವುಗಳಿವೆ ಎಂದು ಹೆಮ್ಮೆಯಿಂದ ಅಂಗಿ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಸಂಡೂರಿನಲ್ಲಿ ಅದಿರು ಲಾರಿಗೆ ದಾರಿ ಬಿಟ್ಟು ಇಪ್ಪತ್ತು ತಿರುವು ನೆಮ್ಮದಿಯಿಂದ ತೆಗೆದುಕೊಳ್ಳಲಾಗದವರು ಆ ಹೆದ್ದಾರಿಗೆ ಮಿನಿ ವ್ಯಾನಿನಲ್ಲೇ ಹೋಗಲಿ.

ಅಲ್ಲಿಗೆ ಹೋದ ಮೇಲೆ

ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ, ಎಷ್ಟೇ ಕೇಳಿದರೂ. ಠೇವಣಿ ಹಣ ಕೊಡಿ, ಇಲ್ಲವೇ ಬೇರೆ ಅಂಗಡಿ ನೋಡಿ. ಬಂಡಿಯ ಸುತ್ತ ತಿರುಗಿ ಗೀರುಗಳ ವಿಡಿಯೊ ಮಾಡಿಕೊಳ್ಳಿ. ಟೈರು, ಬ್ರೇಕು, ಲೈಟು, ಹಾರ್ನ್ ನೋಡಿ.

ಅಲ್ಲಿ ಬಹಳ ಸಿಗುವುದು ಹೋಂಡಾ ವೇವ್ ಥರದ ಬಂಡಿ. ಗೇರ್ ಇದೆ, ಕ್ಲಚ್ ಲಿವರ್ ಇಲ್ಲ. ಗೇರ್ ಪೆಡಲ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ, ಕಾಲು ಎತ್ತಿದಾಗ ಹಿಡಿಯುತ್ತದೆ. ಅಂದರೆ ಊರಲ್ಲಿ ಎಡಗೈ ಕಲಿತದ್ದನ್ನು ಇಲ್ಲಿ ಎಡಗಾಲು ಮಾಡಬೇಕು. ಪೆಡಲ್ ಮೇಲಿಂದ ಕಾಲನ್ನು ಪಟ್ಟನೆ ಎತ್ತಿದರೆ ಅದೇ ಜಿಗಿತ. ಇಳಿಜಾರಿನಲ್ಲಿ ಗೇರ್ ಇಳಿಸುವಾಗಲಂತೂ ಹಿಂದಿನ ಚಕ್ರ ಕಿರ್ರೆಂದು ಎಳೆದಾಡುತ್ತದೆ. ಒತ್ತಿ, ಕ್ಷಣ ಹಿಡಿದು, ಮೆಲ್ಲಗೆ ಎತ್ತಿ.

ದೊಡ್ಡ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಓಡಿಸಬೇಡಿ, ತಿರುವಿನಲ್ಲಿ ಅದು ನಿಮ್ಮನ್ನು ಹೊರಕ್ಕೆ ಎಳೆಯುತ್ತದೆ. ಲಾಡ್ಜಿನಲ್ಲೇ ಇರಲಿ, ಇಲ್ಲವೇ ಹಿಂದಿನ ಸೀಟಿಗೆ ಬಿಗಿದು ಕಟ್ಟಿ. ಮೊಬೈಲ್ ಸಿಕ್ಕಿಸುವ ಅಗ್ಗದ ಹೋಲ್ಡರ್ ಬೇಡ: ಒಂದು ತಗ್ಗಿಗೆ ಫೋನು ಹಾರುತ್ತದೆ, ಬೈಕಿನ ನಡುಕಕ್ಕೆ ಕ್ಯಾಮೆರಾ ಕೆಡಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ದಾರಿ ನೋಡಬೇಕಾದಾಗ ನಿಂತು ನೋಡಿ. ಚಡ್ಡಿಯಲ್ಲಿ ಓಡಿಸಿ ಸೈಲೆನ್ಸರ್ ತಾಗಿಸಿಕೊಂಡು ಮೀನಖಂಡ ಸುಟ್ಟುಕೊಂಡವರು ಪಾಯ್‌ನ ಬೀದಿ ತುಂಬ ಸಿಗುತ್ತಾರೆ. ಜೀನ್ಸ್ ಹಾಕಿ, ಬಳ್ಳಾರಿಯವರಿಗೆ ಜೀನ್ಸಿಗೇನು ಬರ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ, ಪೇಸ್ಟ್ ಬಳಿಯಬೇಡಿ.

ಬಲಬದಿಯ ದೇಶಗಳು

ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಶ್ರೀಲಂಕಾ, ನೇಪಾಳ ನಮ್ಮ ಹಾಗೆ ಎಡಬದಿ. ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ ಬಲಬದಿ. ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನಿಂದ ಲಾವೋಸಿಗೆ ಹೋದರೆ ಸೇತುವೆಯ ಒಂದು ತುದಿಯಲ್ಲಿ ರಸ್ತೆಯೇ ಬದಿ ಬದಲಿಸುತ್ತದೆ. ಮೊದಲ ಸಲ ಹೋಗುವವರು ಎಡಬದಿಯ ದೇಶವನ್ನೇ ಆರಿಸಿಕೊಳ್ಳಿ.

ಬಲಬದಿಯಲ್ಲಿ ತಪ್ಪು ಎಲ್ಲಿ ಆಗುತ್ತದೆ ಎಂದು ತಿಳಿಯಲು ಆನೆಗೊಂದಿ ಕಡೆ ಹೋಗಿ ಒಂದು ಗಂಟೆ ಚಹಾದಂಗಡಿ ಮುಂದೆ ಕೂರಿ. ಸಾಣಾಪುರದ ಕೆರೆ ನೋಡಲು ಮೊಪೆಡ್ ಬಾಡಿಗೆ ಹಿಡಿದ ವಿದೇಶಿಯರು ಬರುತ್ತಾರೆ. ವಾಹನಗಳಿದ್ದಾಗ ಅವರು ತಪ್ಪುವುದಿಲ್ಲ, ಮುಂದಿನವರ ಹಿಂದೆ ಸರಿಯಾಗಿಯೇ ಹೋಗುತ್ತಾರೆ. ಚಹಾ ಕುಡಿದು, ಖಾಲಿ ರಸ್ತೆಗೆ ಮತ್ತೆ ಇಳಿಯುವಾಗ ನೆಟ್ಟಗೆ ಬಲಬದಿಗೆ ಹೋಗಿಬಿಡುತ್ತಾರೆ, ಅವರ ಊರಿನ ರೂಢಿ. ಗದ್ದೆಯಿಂದ ಬರುವ ಟ್ರ್ಯಾಕ್ಟರಿನವರು ಹಾರ್ನ್ ಬಾರಿಸಿದ ಮೇಲೆ ಎಚ್ಚರ. ನಾವು ಲಾವೋಸಿನಲ್ಲಿ ಮಾಡುವುದೂ ಇದೇ ತಪ್ಪು, ಇದೇ ಹೊತ್ತಿನಲ್ಲಿ: ಬೆಳಗಿನ ಖಾಲಿ ರಸ್ತೆ, ಪೆಟ್ರೋಲ್ ಬಂಕಿನ ಬಾಗಿಲು, ಊಟ ಮುಗಿಸಿ ಹೊರಟ ಮೊದಲ ಹತ್ತು ಮಾರು.

ಕಾರಿನಲ್ಲಾದರೆ ಸ್ಟೀರಿಂಗ್ ಬದಿ ಬದಲಾದದ್ದೇ ನೆನಪು ಮಾಡಿಕೊಡುತ್ತದೆ. ಬೈಕಿನಲ್ಲಿ ಅಂಥದ್ದೇನೂ ಇಲ್ಲ. ಅದಕ್ಕೆ ಹೊರಡುವಾಗ ಎಲ್ಲರ ಕೈಗೂ ಒಂದು ಮೊಳ ಕೆಂಪು ದಾರ ಕೊಡುತ್ತೇನೆ. ರಸ್ತೆಯ ನಡುಗೆರೆ ಯಾವ ಕಡೆ ಇರಬೇಕೋ ಆ ಕಡೆಯ ಕನ್ನಡಿಗೆ ಕಟ್ಟಿಕೊಳ್ಳಬೇಕು. ಲಾವೋಸಿನಲ್ಲಿ ಎಡಗನ್ನಡಿಗೆ. ಕೀಲಿ ತಿರುಗಿಸುವ ಮುನ್ನ ದಾರ ಮುಟ್ಟಿ ನೋಡಬೇಕು. ತಿರುವುಗಳೂ ಅದಲುಬದಲು: ಅಲ್ಲಿ ಬಲಕ್ಕೆ ತಿರುಗುವುದು ಸಣ್ಣದು, ಎಡಕ್ಕೆ ತಿರುಗುವಾಗ ಎದುರಿನ ಸಾಲನ್ನು ದಾಟಬೇಕು. ಮೊದಲೆರಡು ದಿನ ಎಡ ತಿರುವಿನಲ್ಲಿ ಇಳಿದು ತಳ್ಳಿಕೊಂಡೇ ದಾಟಿದರೂ ಸರಿ.

ಆ ದಾರವನ್ನು ಅಲ್ಲೇ ಬಿಸಾಕಬೇಡಿ. ಊರಿಗೆ ಮರಳಿದ ಮರುದಿನ ಬೆಳಿಗ್ಗೆ ಮನೆಯಂಗಳದ ಬಂಡಿಯ ಬಲಗನ್ನಡಿಗೆ ಕಟ್ಟಿ, ಒಂದು ವಾರ ಇರಲಿ.