ಕಣದ ಟಾರ್ಪಾಲಿಗೆ ಹಿತ್ತಾಳೆ ರಿಂಗು

ಹೋದ ಫೆಬ್ರವರಿಯಲ್ಲಿ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ಗಾಳಿ ಮಳೆ ಬಂತು. ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದ ಕಣದಲ್ಲಿ ರೊಬಸ್ಟಾ ಕಾಫಿ ಒಣಗಲು ಹಾಕಿದ್ದೆವು. ಕ್ಯಾನ್ವಾಸ್ ಟಾರ್ಪಾಲು ಮುಚ್ಚಿಯೇ ಮಲಗಿದ್ದು. ಬೆಳಿಗ್ಗೆ ನೋಡಿದರೆ ಟಾರ್ಪಾಲು ಒಂದು ಕಡೆ, ಹಗ್ಗ ಒಂದು ಕಡೆ. ಹಗ್ಗ ಕಟ್ಟಲು ಟಾರ್ಪಾಲಿನ ಅಂಚಿನ ತೂತುಗಳಿಗೆ ಬಡಿದಿದ್ದ ಲೋಹದ ರಿಂಗುಗಳು ಮಾತ್ರ ಹಗ್ಗದಲ್ಲೇ ನೇತಾಡುತ್ತಿದ್ದವು!

ಅವನ್ನು ಬಡಿದವನು ನಾನೇ. ಅದಕ್ಕೂ ಹಿಂದಿನ ವರ್ಷ ಸೌದೆ ಮುಚ್ಚುವ ಟಾರ್ಪಾಲಿಗೆ ಅಗ್ಗದ ಕಬ್ಬಿಣದ ರಿಂಗು ಹಾಕಿದ್ದೆ. ಹೊಳಪು ನೋಡಿ ಮೋಸಹೋದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು, ಸುತ್ತಲಿನ ಬಟ್ಟೆಯೂ ಲಡ್ಡಾಗಿತ್ತು. ಅದಕ್ಕೇ ಕಣದ ಟಾರ್ಪಾಲಿಗೆ ಹಿತ್ತಾಳೆ ತಂದಿದ್ದು. ಈಗ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಳ್ಳುತ್ತೇನೆ. ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ. ಅಲ್ಯೂಮಿನಿಯಂಗೆ ತುಕ್ಕಿಲ್ಲ ನಿಜ, ಆದರೆ ಮೆದು. ಜೋರಾಗಿ ಎಳೆದರೆ ಬಾಯಿ ಬಿಡುತ್ತದೆ.

ಹಿತ್ತಾಳೆ ಹಾಕಿಯೂ ಕಿತ್ತು ಬಂತಲ್ವಾ? ತಪ್ಪು ತೂತಿನದು. ರಿಂಗಿನ ಕತ್ತು (ತೂತಿನೊಳಗೆ ಹೋಗುವ ಕೊಳವೆಯಂಥ ಭಾಗ) ಸಲೀಸಾಗಿ ಹೋಗಲಿ ಅಂತ ಬ್ಲೇಡಿನಲ್ಲಿ ದೊಡ್ಡದಾಗಿ ಕೊಯ್ದಿದ್ದೆ. ಹಾಗೆ ಮಾಡಿದರೆ ಇನ್ನೊಂದು ಬದಿಯಿಂದ ಕತ್ತಿಗೆ ತೊಡಿಸುವ ವಾಷರಿಗೆ ಹಿಡಿದುಕೊಳ್ಳಲು ಬಟ್ಟೆಯೇ ಉಳಿಯುವುದಿಲ್ಲ. ತೂತು ಕತ್ತಿಗಿಂತ ಒಂದು ಕೂದಲು ಚಿಕ್ಕದಿರಬೇಕು, ರಿಂಗನ್ನು ಒತ್ತಿ ಒಳಗೆ ನುಗ್ಗಿಸಬೇಕು. ಕತ್ತಿನ ಉದ್ದವನ್ನೂ ನೋಡಬೇಕು. ಬಟ್ಟೆಯ ದಪ್ಪಕ್ಕೆ ಉದ್ದ ಜಾಸ್ತಿಯಾದರೆ ಬಡಿದ ಮೇಲೂ ರಿಂಗು ಗಿರಗಿರ ತಿರುಗುತ್ತದೆ, ಕಡಿಮೆಯಾದರೆ ಕತ್ತಿನ ಅಂಚು ವಾಷರಿನ ಮೇಲೆ ಮಡಚುವುದೇ ಇಲ್ಲ.

ಹಳೆಯ ಟಾರ್ಪಾಲು ತೋರಿಸಿದಾಗ ನಮ್ಮ ಟೈಲರ್ ನಕ್ಕ. "ಸಾರ್, ಒಂದೇ ಪದರಕ್ಕೆ ಬಡಿದಿದ್ದೀರಲ್ಲ, ಯಾವ ರಿಂಗಾದರೂ ನಿಲ್ಲುತ್ತಾ?" ಅಂದ. ಅಂಚು ಮಡಚಿ, ಒಳಗೆ ಹಗ್ಗ ಇಟ್ಟು ಹೊಲಿದುಕೊಟ್ಟ. ಮೂಲೆಗಳಿಗೆ ಹಳೆ ಕ್ಯಾನ್ವಾಸಿನ ತೇಪೆಯನ್ನೂ ಹಾಕಿದ.

ಈ ಸಲ ಹಲ್ಲಿರುವ ವಾಷರ್ ತಂದೆ. ಹಲ್ಲು ಕ್ಯಾನ್ವಾಸನ್ನು ಕಚ್ಚಿ ಹಿಡಿಯುತ್ತದೆ. ಅರ್ಧ ಇಂಚಿನ ರಿಂಗು, ಎರಡು ಅಡಿಗೊಂದು. ಕೆಳಗೆ ಸಿಲ್ವರ್ ಓಕ್ ಕೊರಡು, ಅದರ ಮೇಲೆ ಡೈ, ಅಂದರೆ ರಿಂಗು ಕೂರುವ ಲೋಹದ ಅಚ್ಚು. ಒಂದೇ ಪೆಟ್ಟಿಗೆ ಜೋರಾಗಿ ಹೊಡೆದರೆ ಕತ್ತಿನ ಅಂಚು ಸೀಳುತ್ತದೆ, ಎರಡು ಮೂರು ಪೆಟ್ಟಿನಲ್ಲಿ ನಿಧಾನವಾಗಿ ಮಡಚಿಸಬೇಕು. ಮೊದಲು ಚಿಂದಿ ಬಟ್ಟೆಯ ಮೇಲೆ ನಾಲ್ಕು ರಿಂಗು ಹಾಳುಮಾಡಿ ಕೈ ಪಳಗಿಸಿಕೊಂಡೆ.

ಹಗ್ಗವನ್ನು ಈಗ ನೇರವಾಗಿ ರಿಂಗಿಗೆ ಕಟ್ಟುವುದಿಲ್ಲ. ನಡುವೆ ಸೈಕಲ್ ಟ್ಯೂಬಿನ ತುಂಡೊಂದನ್ನು ಕಟ್ಟುತ್ತೇನೆ. ಗಾಳಿ ಜಗ್ಗಿದಾಗ ರಬ್ಬರು ಹಿಗ್ಗುತ್ತದೆ, ರಿಂಗಿಗೆ ಪೆಟ್ಟು ಬೀಳುವುದು ಕಡಿಮೆ. ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಕ್ಕಿತು.