ಇಳಿಸಿದ್ದು 44 ಮಿ.ಮೀ., ಏರಿಸಿದ್ದು 18: ಕಾಯಿಲ್‌ಓವರ್ ಜೊತೆ ನನ್ನ ಅನುಭವ

ಕಾಯಿಲ್‌ಓವರ್, ಅಂದರೆ ಎತ್ತರ ಬದಲಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಜೋಡಿ, ಕೂರಿಸಿದ ದಿನವೇ ಕಾರನ್ನು ಎಷ್ಟು ಇಳಿಸಲು ಬರುತ್ತದೋ ಅಷ್ಟೂ ಇಳಿಸಿಬಿಟ್ಟೆ. ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು. ನಿಂತಿದ್ದಾಗ ನೋಡಲು ಸೊಗಸಾಗಿತ್ತು. ಹೊರಟ ಮೇಲೆ ಮಾತ್ರ ಸ್ಪ್ರಿಂಗೇ ಇಲ್ಲದ ಬಂಡಿಯಂತೆ ಕುಕ್ಕತೊಡಗಿತು. ಸ್ಪ್ರಿಂಗ್ ಗಟ್ಟಿಯದು, ಹಾಗೇ ಇರುತ್ತದೆ ಎಂದು ಎರಡು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸ್ಪ್ರಿಂಗಿನ ತಪ್ಪಾಗಿರಲಿಲ್ಲ.

ನನ್ನದು ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಕೂತಿವೆ. ಶಾಕ್ ಅಬ್ಸಾರ್ಬರಿನ ಮೈಮೇಲಿನ ಥ್ರೆಡ್‌ನಲ್ಲಿ ಎರಡು ರಿಂಗ್‌ಗಳು ಕೂತಿವೆ. ಮೇಲಿನದು ಸ್ಪ್ರಿಂಗನ್ನು ಹೊತ್ತಿರುವ ಪೀಠ, ಕೆಳಗಿನದು ಅದನ್ನು ಅಲುಗಾಡದಂತೆ ಲಾಕ್ ಮಾಡುತ್ತದೆ. ಎತ್ತರವನ್ನು ಕೆಳಗಿನ ಬ್ರಾಕೆಟ್‌ನಿಂದ ಬದಲಿಸುವ ಬಗೆಯ ಕಾಯಿಲ್‌ಓವರ್‌ಗಳೂ ಇವೆ. ಅವುಗಳಲ್ಲಿ ಕಾರು ಇಳಿದರೂ ಶಾಕ್‌ನ ಓಟ, ಅಂದರೆ ಅದರ ರಾಡ್ ಸರಿದಾಡುವ ದೂರ, ಕಡಿಮೆಯಾಗುವುದಿಲ್ಲ. ನನ್ನದು ಆ ಬಗೆಯದಲ್ಲ. ಸ್ಪ್ರಿಂಗಿನ ಪೀಠ ಇಳಿದಷ್ಟೂ ಶಾಕ್‌ನ ರಾಡ್ ಒಳಕ್ಕೆ ಹೋಗುತ್ತದೆ, ಮೇಲೆ ಉಳಿಯುವ ಜಾಗ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ಕೊಳ್ಳುವ ಮುಂಚೆ ಗೊತ್ತಿರಬೇಕಾದ ವಿಷಯ ಇದು. ನಾನು ಕೊಂಡ ಮೇಲೆ ಕಲಿತೆ.

ಕುಕ್ಕುವುದಕ್ಕೆ ಕಾರಣ ಪತ್ತೆ ಮಾಡಿದ್ದು ಒಂದು ಪ್ಲಾಸ್ಟಿಕ್ ಕೇಬಲ್ ಟೈ. ಶಾಕ್‌ನ ಹೊಳೆಯುವ ರಾಡ್‌ಗೆ, ಸುಲಭವಾಗಿ ಜಾರುವ ಬಿಗಿಯಲ್ಲಿ ಅದನ್ನು ಕಟ್ಟಿ, ಶಾಕ್‌ನ ಮೈಗೆ ತಾಗುವಂತೆ ಕೆಳಕ್ಕೆ ತಳ್ಳಿ ಇಟ್ಟೆ. ರಾಡ್ ಎಷ್ಟು ಒಳಗೆ ಹೋಗುತ್ತದೋ ಅಷ್ಟು ದೂರ ಟೈ ಮೇಲಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಒಂದು ಸಾಧಾರಣ ರಸ್ತೆಯಲ್ಲಿ ಹೋಗಿ ಬಂದು ಚಕ್ರ ಬಿಚ್ಚಿ ನೋಡಿದರೆ, ಟೈ ರಾಡ್‌ನ ತುದಿಯವರೆಗೂ ಸರಿದು ರಾಡ್ ಪೂರ್ತಿ ಒಳಹೋಗದಂತೆ ತಡೆಯುವ ಬಂಪ್ ಸ್ಟಾಪ್‌ನ ರಬ್ಬರಿಗೆ ಒತ್ತಿಕೊಂಡು ಚಪ್ಪಟೆಯಾಗಿತ್ತು. ಕಾರು ಸಮತಟ್ಟು ನೆಲದಲ್ಲಿ ಸುಮ್ಮನೆ ನಿಂತಾಗಲೇ ಬಂಪ್ ಸ್ಟಾಪ್ ತಾಗಲು ಉಳಿದಿದ್ದ ದೂರ 15 ಮಿ.ಮೀ. ಅಷ್ಟೇ. ಅಂದರೆ ಸಣ್ಣ ಉಬ್ಬು ಸಿಕ್ಕರೂ ಸ್ಪ್ರಿಂಗಿನ ಕೆಲಸ ಅಲ್ಲಿಗೆ ಮುಗಿದು ಭಾರವೆಲ್ಲ ರಬ್ಬರಿನ ಮೇಲೆ ಬೀಳುತ್ತಿತ್ತು.

ಇನ್ನೊಂದು ದೋಷ ಜ್ಯಾಕ್ ಏರಿಸಿದಾಗ ಕಂಡಿತು. ಚಕ್ರ ಗಾಳಿಯಲ್ಲಿ ತೂಗುತ್ತಿದ್ದಾಗ ಸ್ಪ್ರಿಂಗನ್ನು ಕೈಯಿಂದ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಿತು. ಪೀಠಕ್ಕೂ ಸ್ಪ್ರಿಂಗಿಗೂ ನಡುವೆ 8 ಮಿ.ಮೀ. ಖಾಲಿ ಜಾಗ. ಚಕ್ರ ಗುಂಡಿಗೆ ಇಳಿದು ಮೇಲೆ ಬಂದಾಗಲೆಲ್ಲ ಕೇಳುತ್ತಿದ್ದ ಟಕ್ ಸದ್ದಿನ ಮೂಲ ಅದೇ. ಸಡಿಲ ಸ್ಪ್ರಿಂಗ್ ವಾಪಸು ಕೂರುವಾಗ ಓರೆಯಾಗಿ ಕೂತರೆ ಅಪಾಯ ಬೇರೆ.

ಹಾಗಾಗಿ ಮೊದಲಿನಿಂದ ಶುರು ಮಾಡಿದೆ, ಈ ಸಲ ಸ್ಪ್ಯಾನರ್ ಮುಟ್ಟುವ ಮುಂಚೆ ಟೇಪ್ ಹಿಡಿದು. ನೆಲದಿಂದ ಮಡ್‌ಗಾರ್ಡಿನವರೆಗೆ ಅಳೆದರೆ ಟೈರಿನ ಗಾಳಿಯೂ ಸವೆತವೂ ಅಳತೆಯೊಳಗೆ ಸೇರಿಕೊಳ್ಳುತ್ತವೆ. ಚಕ್ರದ ಮಧ್ಯಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಆ ತಂಟೆ ಇಲ್ಲ. ಕಂಪನಿ ಸ್ಪ್ರಿಂಗ್ ಇದ್ದಾಗ ಮುಂದಿನ ಎಡಕ್ಕೆ ಈ ಅಳತೆ 376 ಮಿ.ಮೀ. ಇತ್ತು, ಹಳೆಯ ಚೀಟಿಯೊಂದರಲ್ಲಿ ಬರೆದಿಟ್ಟದ್ದು ಪುಣ್ಯಕ್ಕೆ ಉಳಿದಿತ್ತು. ನಾನು ಇಳಿಸಿದ ಮೇಲೆ 332. ನಾಲ್ಕೂ ಚಕ್ರಗಳ ಗಾಳಿ ಸರಿ ಮಾಡಿ, ಅರ್ಧ ಟ್ಯಾಂಕ್ ಇಂಧನ ಇಟ್ಟುಕೊಂಡು, ಸಮತಟ್ಟು ಕಾಂಕ್ರೀಟ್ ನೆಲದಲ್ಲಿ ಒಂದೇ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲೇ ನಿಲ್ಲಿಸಿ ಅಳೆದೆ.

ಜ್ಯಾಕ್‌ನಿಂದ ಇಳಿಸಿದ ಕೂಡಲೇ ಅಳೆಯಬಾರದು ಎಂಬುದನ್ನೂ ಪೆಟ್ಟು ತಿಂದೇ ಕಲಿತೆ. ಮೇಲಿದ್ದಾಗ ಚಕ್ರಗಳು ಒಳಕ್ಕೆ ಸರಿದಿರುತ್ತವೆ. ಇಳಿಸಿದ ಮೇಲೆ ಟೈರು ನೆಲವನ್ನು ಕಚ್ಚಿ ಹಿಡಿಯುವುದರಿಂದ ಕಾರು ಪೂರ್ತಿ ಕೆಳಗೆ ಕೂರುವುದಿಲ್ಲ. ಆ ಸುಳ್ಳು ಎತ್ತರವನ್ನು ನಂಬಿ ಒಂದು ಮಧ್ಯಾಹ್ನವೆಲ್ಲ ರಿಂಗ್ ತಿರುಗಿಸಿದವನು ನಾನು. ಈಗ ಹತ್ತಾರು ಮೀಟರ್ ಹಿಂದೆ ಮುಂದೆ ಓಡಿಸಿ, ನಾಲ್ಕೂ ಮೂಲೆಗಳನ್ನು ಕೈಯಿಂದ ಒತ್ತಿ ಬಿಟ್ಟು, ಆಮೇಲೆ ಟೇಪ್ ಹಿಡಿಯುತ್ತೇನೆ.

ರಿಂಗ್ ತಿರುಗಿಸುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಾರು ಜ್ಯಾಕ್ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಬೇಕು, ಬರೀ ಜ್ಯಾಕ್ ಮೇಲೆ ಅಲ್ಲ. ಥ್ರೆಡ್‌ನ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆದ ಮೇಲೆಯೇ ಸ್ಪ್ಯಾನರ್ ಹಾಕಬೇಕು. ಮರಳಿನ ಕಾಳು ಹೊಕ್ಕು ಅಲ್ಯೂಮಿನಿಯಂ ರಿಂಗ್ ಒಮ್ಮೆ ಕಚ್ಚಿಕೊಂಡರೆ ರಿಂಗೂ ಹಾಳು, ಥ್ರೆಡ್ಡೂ ಹಾಳು. ನನ್ನ ಥ್ರೆಡ್ ಒಂದು ಸುತ್ತಿಗೆ 2 ಮಿ.ಮೀ. ಸರಿಯುತ್ತದೆ. ಒಂಬತ್ತು ಸುತ್ತು ಮೇಲಕ್ಕೆ ತಿರುಗಿಸಿದೆ, ಮುಂದಿನ ಅಳತೆ 332ರಿಂದ 350ಕ್ಕೆ ಬಂತು. ತೂಗುವ ಚಕ್ರದಲ್ಲಿ ಸ್ಪ್ರಿಂಗ್ ಈಗ ಸಡಿಲವಿಲ್ಲ, 10 ಮಿ.ಮೀ. ಒತ್ತಿಕೊಂಡೇ ಇದೆ. ಬಂಪ್ ಸ್ಟಾಪ್‌ವರೆಗೆ 33 ಮಿ.ಮೀ. ಸಿಕ್ಕಿತು. ಅದೇ ರಸ್ತೆಯಲ್ಲಿ ಹೋಗಿ ಬಂದಾಗ ಟೈ ರಬ್ಬರಿಗಿಂತ ಬೆರಳಗಲ ಕೆಳಗೇ ನಿಂತಿತ್ತು.

ರಿಂಗ್ ಮೇಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತದಲ್ಲವೇ ಎಂದು ನೋಡುತ್ತಿದ್ದ ಗೆಳೆಯ ಕೇಳಿದ. ನಾನೂ ಹಾಗೇ ನಂಬಿದ್ದೆ. ನನ್ನ ಮುಂದಿನ ಸ್ಪ್ರಿಂಗ್ ಮಿಲಿಮೀಟರಿಗೆ 6 ಕಿಲೋ, ಅಂದರೆ ಒಂದು ಮಿ.ಮೀ. ಒತ್ತಲು 6 ಕಿಲೋ ಭಾರ ಬೇಕು. ಅದರ ಮೇಲೆ ಕೂತ ಭಾರ ಸುಮಾರು 325 ಕಿಲೋ. ಪೀಠ ಎಲ್ಲೇ ಇರಲಿ, ಕಾರು ನೆಲದ ಮೇಲೆ ನಿಂತಾಗ ಸ್ಪ್ರಿಂಗ್ ಒತ್ತಿಕೊಳ್ಳುವುದು ಸುಮಾರು 54 ಮಿ.ಮೀ. ಮಾತ್ರ. ಭಾರ ಬದಲಾಗದಿದ್ದರೆ ಆ ಲೆಕ್ಕವೂ ಬದಲಾಗದು. ಪೀಠ ಏರಿದರೆ ಕಾರು ಏರುತ್ತದೆ, ಅಷ್ಟೇ.

ಹಿಂಚಕ್ರಗಳ ಕಥೆ ಬೇರೆ. ಅಲ್ಲಿ ಸ್ಪ್ರಿಂಗ್ ಚಕ್ರದ ಹತ್ತಿರ ಇಲ್ಲ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ನಡುಭಾಗದಲ್ಲಿ ಶಾಕ್‌ನಿಂದ ದೂರ ಕೂತಿದೆ. ಪೀಠ 10 ಮಿ.ಮೀ. ಏರಿಸಿದರೆ ಚಕ್ರದ ಬಳಿ ಸುಮಾರು 16 ಮಿ.ಮೀ. ಏರುತ್ತದೆ. ಮೊದಲ ಸಲ ಮುಂದಿನಷ್ಟೇ ಸುತ್ತು ಹಿಂದಕ್ಕೂ ಹಾಕಿ, ಕಾರು ಮೂಗು ನೆಲಕ್ಕಿಟ್ಟು ನಿಂತದ್ದನ್ನು ನೋಡಿ ತಲೆ ಕೆರೆದುಕೊಂಡಿದ್ದೆ. ಆರ್ಮ್ ತಿರುಗುವ ಕೀಲಿನ ರಬ್ಬರ್ ಬುಶ್‌ಗಳ ಬೋಲ್ಟ್‌ಗಳನ್ನೂ ಸಡಿಲಿಸಿ, ಕಾರು ತನ್ನ ಚಕ್ರಗಳ ಮೇಲೆ ಹೊಸ ಎತ್ತರದಲ್ಲಿ ಕೂತ ನಂತರ ಬಿಗಿದೆ. ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ.

ನಾಲ್ಕೂ ಅಳತೆ ಒಂದೇ ಸಮ ಬಂದ ಮೇಲೆ ಪ್ರತಿ ಚಕ್ರದ ಮೇಲೆ ಬೀಳುವ ಭಾರ ನೋಡಲು ನಾಲ್ಕು ತೂಕದ ಯಂತ್ರಗಳನ್ನು ಎರವಲು ತಂದೆ. ಡ್ರೈವರ್ ಸೀಟಿನಲ್ಲಿ ನನ್ನಷ್ಟು ತೂಕದ ಮರಳಿನ ಚೀಲ, ಎಡಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್‌ನ ಲಿಂಕ್ ಬಿಚ್ಚಿದ್ದು. ಮುಂದಿನ ಎಡ 372, ಬಲ 356. ಹಿಂದಿನ ಎಡ 214, ಬಲ 228 ಕಿಲೋ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿ 570, ಒಟ್ಟು 1170ರಲ್ಲಿ ಶೇ. 48.7. ಈ ಓರೆ ಭಾರವನ್ನು ಅರ್ಧಕ್ಕೆ ಹತ್ತಿರ ತರುವುದು ಗುರಿ. ಒಂದು ಕಾಲಿಗೆ ಚಕ್ಕೆ ಕೊಟ್ಟ ಮಂಚ ನೆನಪಿಸಿಕೊಳ್ಳಿ: ಆ ಕಾಲಿಗೂ ಅದರ ಓರೆಯ ಕಾಲಿಗೂ ಭಾರ ಏರುತ್ತದೆ, ಉಳಿದೆರಡು ಹಗುರವಾಗುತ್ತವೆ. ಕಾರೂ ಹಾಗೆಯೇ. ಮುಂದಿನ ಬಲಕ್ಕೆ ಒಂದು ಸುತ್ತು ಮೇಲೆ, ಎಡಕ್ಕೆ ಒಂದು ಸುತ್ತು ಕೆಳಗೆ. ಹಿಂದಿನ ಎಡಕ್ಕೆ ಅರ್ಧ ಸುತ್ತು ಮೇಲೆ, ಬಲಕ್ಕೆ ಅರ್ಧ ಕೆಳಗೆ. ಮತ್ತೆ ತೂಗಿದಾಗ 365, 363, 221, 221. ಓರೆ ಭಾರ ಶೇ. 49.9. ಎಡಬಲದ ಎತ್ತರದಲ್ಲಿ ಈಗ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಉಂಟು, ಕಣ್ಣಿಗೆ ಕಾಣುವುದಿಲ್ಲ. ಆದರೆ ಜೋರಾಗಿ ಬ್ರೇಕ್ ಒತ್ತಿದಾಗ ಒಂದು ಮುಂಚಕ್ರ ಮಾತ್ರ ಬೇಗ ಲಾಕ್ ಆಗುವ ಚಾಳಿ ಹೋಯಿತು.

ಅಲೈನ್‌ಮೆಂಟ್ ಕೊನೆಗೆ ಮಾಡಿಸಿದೆ. ಎತ್ತರ ನಿಲ್ಲುವ ಮುಂಚೆ ಮಾಡಿಸಿದರೆ ದಂಡ. ಮುಂದಿನ ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, 3 ಮಿ.ಮೀ. ಹೊರಕ್ಕೆ ಹೋಗಿತ್ತು. ಹಾಗೆಯೇ ಬಿಟ್ಟಿದ್ದರೆ ಟೈರಿನ ಒಳ ಅಂಚು ನಯವಾಗಿ ಸವೆದು ಹೋಗುತ್ತಿತ್ತು. ಹೆಡ್‌ಲೈಟ್‌ನ ಕೋನವನ್ನೂ ತಿರುಗಿ ಸರಿ ಮಾಡಿದೆ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಲ್ಲಿಯೂ ಬಿಗಿಯುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿದೆ.

ಎಲ್ಲ ರಿಂಗ್‌ಗಳ ಮೇಲೂ ಅವು ಕೂತ ಥ್ರೆಡ್‌ನ ಮೇಲೂ ಸೇರಿಸಿ ಬಿಳಿ ಬಣ್ಣದ ಒಂದೊಂದು ಗೆರೆ ಎಳೆದಿದ್ದೆ. ಇನ್ನೂರು ಕಿಲೋಮೀಟರ್ ಓಡಿಸಿ ಬಗ್ಗಿ ನೋಡಿದಾಗ ಮೂರು ಗೆರೆಗಳು ನೇರವಾಗಿದ್ದವು. ಮುಂದಿನ ಎಡದ ಲಾಕ್ ರಿಂಗ್‌ನ ಗೆರೆ ಕಾಲು ಸುತ್ತು ಸರಿದಿತ್ತು. ಬಿಗಿಯುವಾಗ ಫೋನ್ ಬಂದು ಎದ್ದು ಹೋಗಿದ್ದ ಮೂಲೆ ಅದು. ಪೀಠದ ರಿಂಗ್ ಇದ್ದಲ್ಲೇ ಇತ್ತು. ಬಿಗಿದು, ಹಳೆಯ ಗೆರೆ ಒರೆಸಿ, ಹೊಸದು ಎಳೆದೆ.